ಚೆಂಡಿಗೆ ತಲೆ ಕೊಟ್ಟವರು

ಹೋದ ಅಕ್ಟೋಬರಿನಲ್ಲಿ ಮಗಳ ಹೈಸ್ಕೂಲ್ ಫುಟ್‌ಬಾಲ್ ಟೀಮಿನ ಪಂದ್ಯ ನ್ಯೂಜೆರ್ಸಿಯ ಕರ್ನಿಯಲ್ಲಿತ್ತು. ನಾವು ಆ ಊರು ಬಿಟ್ಟು ಎಡಿಸನ್ ಕಡೆಗೆ ಬಂದು ಏಳೆಂಟು ವರ್ಷವಾಗಿದೆ. ಬೇರೆ ಯಾವ ಊರಿನಲ್ಲಿ ಪಂದ್ಯವಿದ್ದರೂ ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ಎಲ್ಲ ಹೊಂದಿಸಿಕೊಂಡು ಡ್ರೈವ್ ಮಾಡಿಕೊಂಡು ಹೋಗುವ ನಾನು ಅಂದು ಮಾತ್ರ ಗಂಡನಿಗೆ ನೀನು ಹೋಗು ಎಂದೆ. ಅವನಿಗೆ ಆಫೀಸಿನ ಕಾಲ್ ಇತ್ತು. ವಿಧಿಯಿಲ್ಲದೆ ನಾನೇ ಹೋದೆ. ಪಸಾಯಿಕ್ ನದಿಯ ದಂಡೆಯ ಅದೇ ಮೈದಾನ. ಬೆಂಚಿನ ಮೇಲೆ ಕೂತ ಹುಡುಗಿಯೊಬ್ಬಳು ಮೀನಖಂಡಕ್ಕೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಒದ್ದೆ ಎಲೆ, ತುಳಿದ ಹುಲ್ಲು, ಆ ಎಣ್ಣೆಯ ಘಾಟು, ಮೂರೂ ಸೇರಿ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾರಿನಲ್ಲಿ ಹೋಗಿ ಕೂತು ಕಿಟಕಿ ಏರಿಸಿಕೊಂಡೆ. ಪಂದ್ಯದಲ್ಲಿ ಯಾರು ಗೆದ್ದರೆಂದು ಮಗಳೇ ಬಂದು ಹೇಳಬೇಕಾಯಿತು.

ಅಪ್ಪನ ವಾಸನೆ ಅದು. ಅಪ್ಪ ನಮ್ಮ ಜೊತೆ ಕಳೆದ ಆ ಒಂದು ಫಾಲ್‌ನ, ಎಲೆಯುದುರುವ ಕಾಲದ ವಾಸನೆ.

ಕನ್ನಡದವರು ಬೇಕೆಂದು ಹುಡುಕಿಕೊಂಡು ಹೋಗುವ ಊರಲ್ಲ ಕರ್ನಿ. ಬಾಡಿಗೆ ಕಡಿಮೆ, ಹ್ಯಾರಿಸನ್ನಿಗೆ ನಡೆದು ಹೋಗಿ ಪಾಥ್ ರೈಲು ಹಿಡಿದರೆ ಮ್ಯಾನ್‌ಹ್ಯಾಟನ್ನಿಗೆ ಕಮ್ಯೂಟ್ ಮಾಡುವುದು ಸುಲಭ ಎಂದು ನಾವು ಅಲ್ಲಿದ್ದೆವು. ಎರಡು ಸಂಸಾರದ ಹಳೆಯ ಮರದ ಮನೆ. ಮೇಲೆ ನಾವು, ಕೆಳಗೆ ಮನೆಯೊಡತಿ ಆಗ್ನೆಸ್. ಎಂಬತ್ತು ದಾಟಿದ, ಮದುವೆಯಾಗದ, ಊರಿನ ಶಾಲೆಯ ಆಫೀಸಿನಲ್ಲಿ ದುಡಿದು ನಿವೃತ್ತಳಾದ ಹೆಂಗಸು. ಕಸದ ಡಬ್ಬಿಯನ್ನು ತಪ್ಪಾದ ದಿನ ಹೊರಗಿಟ್ಟರೆ ಮೆಟ್ಟಿಲ ಮೇಲೇ ನಿಂತು ಬೈಯುವಳು. ನನ್ನ ಒಗ್ಗರಣೆಯ ಘಾಟಿಗೆ ಒಂದು ವರ್ಷ ಮೂಗು ಮುರಿದಳು, ಎರಡನೆಯ ವರ್ಷ ನೆಗಡಿಯಾದಾಗ ತಾನೇ ಬಾಗಿಲು ತಟ್ಟಿ, "ಆ ಖಾರದ ಸೂಪು ಇದೆಯಾ?" ಎಂದು ಸಾರು ಕೇಳಿ ಇಸಿದುಕೊಂಡು ಹೋದಳು. ಆಮೇಲೆ ನಮ್ಮಿಬ್ಬರಿಗೆ ಹೊಂದಿಕೊಂಡಿತು. ಆಕೆ ಮಾತಾಡಿದ್ದು ಇಂಗ್ಲಿಷಿನಲ್ಲಿ, ಅದೂ ಅಪ್ಪ ಅಮ್ಮನ ಸ್ಕಾಟ್ಲೆಂಡಿನ ರಾಗ ಸೇರಿದ ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಮ್ಮ ತೀರಿಕೊಂಡ ಮರುವರ್ಷ ಅಪ್ಪನ ಗ್ರೀನ್ ಕಾರ್ಡ್ ಬಂತು. ಮಾರ್ಚಿನಲ್ಲಿ ಬಂದು ಇಳಿದ. ಅಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ನಡುಮೈದಾನ ಕಾಯುವ ಸೆಂಟರ್ ಹಾಫ್ ಆಗಿದ್ದವನು. ಹಲಸೂರಿನ ಗಲ್ಲಿಗಳಲ್ಲಿ ಬರಿಗಾಲಲ್ಲಿ ಆಡುತ್ತಿದ್ದವನನ್ನು ಕಾರ್ಖಾನೆಯವರು ಕರೆದು ಸ್ಟೋರ್ಸ್ ಸೆಕ್ಷನ್ನಿನಲ್ಲಿ ಕೆಲಸ ಕೊಟ್ಟಿದ್ದರು. ರಂಗನಾಥ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೆಡ್ಡಿಂಗ್ ರಂಗ ಎಂದರೆ ಅಶೋಕನಗರದ ಸ್ಟೇಡಿಯಮ್ಮಿನ ಕಡಲೆಕಾಯಿ ಮಾರುವವನಿಗೂ ಗೊತ್ತಿತ್ತು. ಎದುರಾಳಿಯ ಗೋಲಿ, ಅಂದರೆ ಗೋಲ್‌ಕೀಪರ್, ಎಷ್ಟೇ ಎತ್ತರಕ್ಕೆ ಒದೆಯಲಿ, ಆ ಚೆಂಡು ಇಳಿಯುವ ಕಡೆ ಅಪ್ಪನ ಹಣೆ ಇರುತ್ತಿತ್ತಂತೆ. ನಾನು ನೋಡಿದ್ದು ಕೊನೆಯ ಕೆಲವು ಪಂದ್ಯಗಳನ್ನು ಮಾತ್ರ. ಅಮ್ಮನ ತೊಡೆಯ ಮೇಲೆ ಕೂತಿದ್ದೆ. ಚೆಂಡು ತಲೆಗೆ ಬಡಿದ ಸದ್ದು ಗ್ಯಾಲರಿಯವರೆಗೂ ಕೇಳುತ್ತಿತ್ತು, ಜನ ಹೋ ಎನ್ನುತ್ತಿದ್ದರು, ಅಮ್ಮ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅಮೆರಿಕಕ್ಕೆ ಬಂದ ಅಪ್ಪ ನಮಗೆಲ್ಲ ಮೈದಾನದ ಸ್ಥಾನ ಹಂಚಿಬಿಟ್ಟ. ನನ್ನ ಗಂಡ ಸುಧೀರ ರೈಟ್ ಬ್ಯಾಕು. ಒಂಬತ್ತು ವರ್ಷದ ಮಗಳು ಲೆಫ್ಟ್ ಔಟು. ಮನೆಗೆ ಬಂದದ್ದನ್ನೆಲ್ಲ ತಡೆಯುವ ನಾನು ಗೋಲಿ. "ಗೋಲಿ, ಕಾಫಿ ಆಯ್ತಾ? ಲೆಫ್ಟ್ ಔಟು ಶಾಲೆಯಿಂದ ಬಂತಾ?" ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ. ಮಗಳಿಗಂತೂ ಹುಚ್ಚು ಖುಷಿ. "ತಾತ, ಯು ಆರ್ ಸೋ ಫನ್ನಿ" ಎಂದು ತನ್ನ ಪುಸ್ತಕದ ಮೇಲೆಲ್ಲ ಲೆಫ್ಟ್ ಔಟ್ ಎಂದು ಬರೆದುಕೊಂಡಳು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿರುವ ಗಣೇಶನ ದೇವಸ್ಥಾನದ ಕ್ಯಾಂಟೀನಿನಲ್ಲಿ, ಅಪ್ಪನ ಜೊತೆ ಒಂದೇ ಬೀದಿಯಲ್ಲಿ ಬೆಳೆದ ಅಂಕಲ್ ಒಬ್ಬರು ಸಿಕ್ಕಾಗ, "ಏನಯ್ಯಾ ಸೆಂಟರ್ ಫಾರ್ವರ್ಡು, ನೀನಿಲ್ಲಿ?" ಎಂದು ಅಪ್ಪ ಬೆನ್ನು ತಟ್ಟಿದ. ಆ ಅಂಕಲ್ ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ದೋಸೆಯ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. "ನಿಮ್ಮ ತಂದೆ ಸ್ವಲ್ಪವೂ ಬದಲಾಗಿಲ್ಲ, ಅದೇ ತಮಾಷೆ" ಎಂದರು ಅಂಕಲ್. ನಾನೂ ಹೆಮ್ಮೆಪಟ್ಟುಕೊಂಡೆ. ಫುಟ್‌ಬಾಲಿನ ಮನೆಯಲ್ಲಿ ಹುಟ್ಟಿದವರಿಗೆ ಅದರಲ್ಲಿ ಅನುಮಾನಪಡುವಂಥದ್ದು ಏನೂ ಕಾಣುವುದಿಲ್ಲ.

ಅಪ್ಪ ಮತ್ತು ಆಗ್ನೆಸ್ ಗೆಳೆಯರಾದದ್ದು ಒಂದು ಫೋಟೋದಿಂದ. ಬಾಡಿಗೆ ಕೊಡಲು ಹೋದಾಗ ಅಪ್ಪನೂ ನನ್ನ ಹಿಂದೆ ಇಳಿದು ಬಂದಿದ್ದ. ಆಕೆಯ ಹಜಾರದಲ್ಲಿ, ಪಟ್ಟೆ ಜರ್ಸಿ ತೊಟ್ಟು ಕೈಕಟ್ಟಿ ನಿಂತ ಎತ್ತರದ ಮನುಷ್ಯನ ಚಿತ್ರ. ನಡುಬೈತಲೆ, ಹಣೆಯ ಮೇಲೆ ಕೂದಲಂಚಿಗೆ ಒಂದು ಗೀರು. ಅಪ್ಪ ಚಿತ್ರದ ಹತ್ತಿರ ಹೋಗಿ ಆ ಗೀರನ್ನೇ ನೋಡಿದ. ಆಮೇಲೆ ತನ್ನ ಬೆಳ್ಳಗಿನ ಕೂದಲನ್ನು ಹಿಂದಕ್ಕೆ ಒತ್ತಿ ಹಣೆ ತೋರಿಸಿದ. ಅವನಿಗೂ ಅಲ್ಲೇ ಗೀರು. ಹಳೆಯ ಚರ್ಮದ ಚೆಂಡಿಗೆ ಶೂಸಿನ ಹಾಗೆ ದಾರ ಹಾಕಿ ಬಿಗಿಯುತ್ತಿದ್ದರು. ಆ ದಾರದ ಕಡೆ ತಲೆ ತಗುಲಿದರೆ ಹಣೆ ಸೀಳುತ್ತಿತ್ತು. ಆಗ್ನೆಸ್ ಇಬ್ಬರ ಹಣೆಯನ್ನೂ ನೋಡಿ, "ಕೂತ್ಕೊಳ್ಳಿ" ಎಂದಳು. ನಾನು ಅಡುಗೆಗೆಂದು ಮೇಲೆ ಬಂದೆ. ಅಪ್ಪ ಊಟದ ಹೊತ್ತಿನವರೆಗೂ ಅಲ್ಲೇ ಇದ್ದ.

ಚಿತ್ರದಲ್ಲಿದ್ದವನು ಆಗ್ನೆಸ್‌ಳ ಅಪ್ಪ, ಸ್ಯಾಂಡಿ. ಆ ಬೇಸಿಗೆಯೆಲ್ಲ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಆಕೆ ಅವನ ಕತೆ ಹೇಳಿದಳು. ಅಪ್ಪ ತನ್ನ ಕಾರ್ಖಾನೆಯ ಇಂಗ್ಲಿಷಿನಲ್ಲಿ ಹೂಂಗುಟ್ಟಿದ.

ಸ್ಯಾಂಡಿ ಹುಟ್ಟಿದ್ದು ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರಿನ ಕಲ್ಲಿದ್ದಲ ಊರೊಂದರಲ್ಲಿ. ಮೀಸೆ ಮೂಡುವ ಮೊದಲೇ ಗಣಿಗೆ ಇಳಿದ. ಶನಿವಾರ ಮಧ್ಯಾಹ್ನ ಮೇಲೆ ಬಂದವನು ಮುಖ ತೊಳೆಯಲೂ ಪುರಸೊತ್ತಿಲ್ಲದೆ ಆಟಕ್ಕೆ ಓಡುತ್ತಿದ್ದ. ಮೊದಲ ಮಹಾಯುದ್ಧಕ್ಕೆ ಹೋಗಿ ಜೀವಂತ ಬಂದ ಮೇಲೆ ಗ್ಲಾಸ್ಗೋದ ಒಂದು ಕ್ಲಬ್ಬು ಅವನನ್ನು ಸೇರಿಸಿಕೊಂಡಿತು. ಇನ್ನು ಗಣಿಗೆ ಇಳಿಯಬೇಕಾಗಿಲ್ಲ ಎಂದು ಅವನ ತಾಯಿ ಅಂದು ಅತ್ತಳಂತೆ. ಕೆಲವು ಸೀಸನ್ ಅಲ್ಲಿ ಸೆಂಟರ್ ಹಾಫ್ ಆಗಿ ಆಡಿದ. ಅಲ್ಲಿನ ಚಳಿಗಾಲವೆಂದರೆ ಮಳೆಯೇ. ನೀರು ಕುಡಿದ ಚೆಂಡು ಕಲ್ಲಿನಷ್ಟು ಭಾರ. ಅಂಥದ್ದನ್ನು ಮೈದಾನದ ಅರ್ಧದವರೆಗೆ ತಲೆಯಿಂದಲೇ ದಾಟಿಸುತ್ತಿದ್ದ ಎಂದು ಜನ ದೂರದೂರದಿಂದ ನೋಡಲು ಬರುತ್ತಿದ್ದರು. ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಒಬ್ಬ ಏಜೆಂಟು ಬಂದ. ಅಲ್ಲಿನ ಗಿರಣಿಗೊಂದು ಟೀಮು ಬೇಕು, ಬಂದರೆ ಗಿರಣಿಯಲ್ಲಿ ಕೆಲಸ, ಶನಿವಾರ ಭಾನುವಾರ ಆಟ, ಎರಡಕ್ಕೂ ಸಂಬಳ ಎಂದ. ಸ್ಯಾಂಡಿ ಕ್ಲಬ್ಬಿಗೆ ಹೇಳದೆ ಕೇಳದೆ ಹಡಗು ಹತ್ತಿದ. ಒಪ್ಪಂದ ಮುರಿದವನೆಂದು ಊರಿನವರು ಅವನಿಗೆ ಬಾಗಿಲು ಹಾಕಿದರು. ಮತ್ತೆ ಅವನು ಸ್ಕಾಟ್ಲೆಂಡಿನ ಮೈದಾನದಲ್ಲಿ ಕಾಲಿಡಲಿಲ್ಲ.

"ಮೇಡಂ, ಸೇಮ್ ಸೇಮ್" ಎಂದು ಅಪ್ಪ ಕುಣಿದಾಡುವುದೊಂದು ಬಾಕಿ. "ಫ್ಯಾಕ್ಟರಿ ಟೀಮ್. ಮಾರ್ನಿಂಗ್ ಪಂಚ್, ಈವ್ನಿಂಗ್ ಗ್ರೌಂಡ್!"

ಕರ್ನಿಯ ಅರ್ಧ ಜನ ಆಗ ಸ್ಕಾಟ್ಲೆಂಡಿನವರೇ. ಗಿರಣಿಯ ಸೈರನ್ನು ಕೂಗಿದ ಮೇಲೆ ಎಲ್ಲರೂ ಮೈದಾನಕ್ಕೆ ಬರುತ್ತಿದ್ದರು. ಸ್ಯಾಂಡಿಯ ಟೀಮು ಕಪ್ ಗೆದ್ದ ವರ್ಷ ಅವನನ್ನು ಭುಜದ ಮೇಲೆ ಹೊತ್ತು ಊರೆಲ್ಲ ಸುತ್ತಿದರು. ಆಮೇಲೆ ಷೇರುಪೇಟೆ ಕುಸಿಯಿತು. ಗಿರಣಿಗಳಿಗೆ ಟೀಮು ಬೇಡವಾಯಿತು. ಸ್ಯಾಂಡಿ ನೆಲಕ್ಕೆ ಹಾಸುವ ಲಿನೋಲಿಯಂ ತಯಾರಿಸುವ ಕಾರ್ಖಾನೆ ಸೇರಿದ, ತಡವಾಗಿ ಮದುವೆಯಾದ, ಇನ್ನೂ ತಡವಾಗಿ ಆಗ್ನೆಸ್ ಹುಟ್ಟಿದಳು. ಭಾನುವಾರದ ಆಟವನ್ನು ಮಾತ್ರ ಬಿಡಲಿಲ್ಲ. ನಲವತ್ತು ದಾಟಿದರೂ ಹುಡುಗರ ನಡುವೆ ನಿಂತು ಎತ್ತರದ ಚೆಂಡಿಗೆ ಹಾರುತ್ತಿದ್ದ.

"ಆಮೇಲೆ?" ಎಂದು ಅಪ್ಪ ಕೇಳಿದರೆ ಆಗ್ನೆಸ್, "ಆಮೇಲೇನು, ಲಿನೋಲಿಯಂ" ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಎಷ್ಟು ಸಲ ಹೇಳಿದರೂ ಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಸೆಪ್ಟೆಂಬರಿನಲ್ಲಿ ಅಪ್ಪನಿಗೆ ನದಿಯ ದಂಡೆಯ ಮೈದಾನದಲ್ಲಿ ಮುದುಕರ ಆಟವೊಂದು ಸಿಕ್ಕಿತು. ಪೋರ್ಚುಗಲ್, ಪೆರು, ಬ್ರೆಜಿಲ್ಲಿನಿಂದ ಬಂದವರು, ಸ್ಕಾಟ್ಲೆಂಡಿನವರ ಮೊಮ್ಮಕ್ಕಳು, ಎಲ್ಲ ಅರವತ್ತು ದಾಟಿದವರು. ಓಡುವ ಹಾಗಿಲ್ಲ, ನಡೆದೇ ಆಡಬೇಕು. ಚೆಂಡು ಎದೆಗಿಂತ ಮೇಲೆ ಹೋದರೆ ಸೀಟಿ. "ಇದೇನಮ್ಮ ಇದು, ಗೋಲಿಗುಂಡು ಆಡಿದಂಗೆ" ಎಂದು ಗೊಣಗಿಕೊಂಡೇ ಅಪ್ಪ ಪ್ರತಿ ಭಾನುವಾರ ಹೋದ. ಬೆಳಿಗ್ಗೆಯೇ ಎದ್ದು, ಮೊಣಕಾಲಿಗೆ ನೋವಿನೆಣ್ಣೆ ತಿಕ್ಕಿ, ಬೂಟಿನ ದಾರವನ್ನು ಪಾದದ ಕೆಳಗಿಂದ ಎರಡು ಸುತ್ತು ತಂದು ಕಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಅಮ್ಮ ಹೋದ ಮೇಲೆ ಅಪ್ಪನ ಮುಖದಲ್ಲಿ ಕಳೆ ನೋಡಿದ್ದು ಆಗಲೇ.

ಆ ಮುದುಕರಲ್ಲಿ ಹಳೆಯ ಕಾಲದಿಂದ ನಡೆದು ಬಂದ ಒಂದು ಪದ್ಧತಿ ಇತ್ತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಭಾನುವಾರ ಊರಿನ ಮೇಲ್ಬೀದಿ, ಕೆಳಬೀದಿಗಳ ನಡುವೆ ಪಂದ್ಯ. ಅದು ಶುರುವಾಗುವುದು ಕಾಲಿನ ಒದೆತದಿಂದಲ್ಲ. ಆಟಗಾರರಲ್ಲೇ ಹಿರಿಯನಾದವನು ನಡುಮೈದಾನದಲ್ಲಿ ನಿಲ್ಲುತ್ತಾನೆ, ಅವನಿಗೆ ಚೆಂಡನ್ನು ಎತ್ತರಕ್ಕೆ ಎಸೆಯುತ್ತಾರೆ, ಅವನು ತಲೆಯಿಂದ ಹೊಡೆದ ಮೇಲೆ ಆಟ. ವರ್ಷಕ್ಕೆ ಆ ಒಂದು ಚೆಂಡಿಗೆ ಮಾತ್ರ ಎದೆಯ ಮೇಲೆ ಹೋಗಲು ಅಪ್ಪಣೆ. ಹಿಂದಿನ ವರ್ಷ ಹೊಡೆದವರು ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಈಗ ಅಪ್ಪನೇ ಹಿರಿಯ. ಅವರ ನಾಯಕ ಮನುಯೆಲ್ ಎಂಬ ಪೋರ್ಚುಗೀಸ್ ಮುದುಕ ಮನೆಗೇ ಬಂದು, ಅಪ್ಪನ ಎರಡೂ ಕೈ ಹಿಡಿದು ಆಹ್ವಾನಿಸಿ ಹೋದ.

ಅಪ್ಪ ಪ್ರ್ಯಾಕ್ಟೀಸ್ ಶುರುಮಾಡಿದ. ಮಗಳ ಚೆಂಡು ತೆಗೆದುಕೊಂಡು ಹಿತ್ತಲಿನ ಗ್ಯಾರೇಜಿನ ಗೋಡೆಗೆ ಎದುರು ನಿಂತು, ಎಸೆದು, ತಲೆಯಿಂದ ಹೊಡೆದು, ಮತ್ತೆ ಎಸೆದು. ಧಪ್, ಧಪ್. ಮರುದಿನವೂ ಅದೇ. ಮೂರನೆಯ ಸಂಜೆ ನಾನು ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿರುವಾಗ ಹಿತ್ತಲಲ್ಲಿ ಕಿರುಚಾಟ ಕೇಳಿಸಿತು. ಓಡಿಹೋದೆ. ಆಗ್ನೆಸ್ ಮನೆಯ ಚಪ್ಪಲಿಯಲ್ಲೇ, ಸ್ವೆಟರೂ ಇಲ್ಲದೆ ಚಳಿಯಲ್ಲಿ ನಿಂತಿದ್ದಳು. ಚೆಂಡನ್ನು ಎದೆಗೆ ಅವುಚಿಕೊಂಡಿದ್ದಳು. "ನನ್ನ ಹಿತ್ತಲಲ್ಲಿ ಬೇಡ! ಈ ಮನೆಯಲ್ಲಿ ಮತ್ತೆ ಬೇಡ!" ಎನ್ನುತ್ತಿದ್ದಳು. ಅಪ್ಪ ಬೈಸಿಕೊಂಡ ಮಗುವಿನ ಹಾಗೆ ಗೋಡೆಗೆ ಆತು ನಿಂತಿದ್ದ.

ಅವನನ್ನು ಮೇಲೆ ಕಳಿಸಿ ನಾನು ಆಕೆಯನ್ನು ಒಳಗೆ ಕರೆದುಕೊಂಡು ಹೋದೆ. ನಾನೇ ಟೀ ಮಾಡಿಕೊಟ್ಟೆ.

"ನಿಮ್ಮಪ್ಪ ನಿನ್ನನ್ನು ಗೋಲಿ ಅಂತ ಯಾವಾಗಿಂದ ಕರೆಯುತ್ತಿದ್ದಾರೆ?" ಎಂದು ಕೇಳಿದಳು.

ಇದೆಂಥ ಪ್ರಶ್ನೆ ಎನಿಸಿತು. "ಇಲ್ಲಿಗೆ ಬಂದ ಮೇಲೆ. ತಮಾಷೆಗೆ" ಎಂದೆ.

"ನಾನು ಇನ್‌ಸೈಡ್ ಲೆಫ್ಟ್" ಎಂದಳು ಆಗ್ನೆಸ್. "ಅಮ್ಮ ಗೋಲಿ. ಪಕ್ಕದ ಮನೆಯವರು ಲೈನ್ಸ್‌ಮನ್. ಒಂದಿಡೀ ವರ್ಷ ನಾವು ನಕ್ಕೆವು. ಆಟಗಾರ ತಾನೇ, ಅವನ ರೀತಿಯೇ ಹಾಗೆ ಅಂದುಕೊಂಡೆವು. ಒಂದು ದಿನ ನನ್ನ ಮುಖ ನೋಡಿ, ನೀನು ಯಾವ ಪೊಸಿಷನ್ ಅಂತ ಕೇಳಿದ. ನಮ್ಮ ಹೆಸರು ಅವನಿಗೆ ಯಾವತ್ತೋ ಮರೆತುಹೋಗಿತ್ತು. ಅದು ನಮಗೆ ಗೊತ್ತಾಗದೆ ಇರಲಿ ಅಂತ ಅಷ್ಟು ದಿನ ಆ ಆಟ ಕಟ್ಟಿದ್ದ."

ಸ್ಯಾಂಡಿಗೆ ಆಗ ಐವತ್ತರ ಸುಮಾರು. ಊರು ಕುಡಿತ ಎಂದಿತು. ಸ್ಯಾಂಡಿ ಕುಡಿಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದ. ಎಂದೋ ಮುಚ್ಚಿದ್ದ ಗಿರಣಿಯ ಗೇಟಿಗೆ ಹೋಗಿ, ಪಂದ್ಯಕ್ಕೆ ಹೊತ್ತಾಯಿತು, ಬಾಗಿಲು ತೆಗೆಯಿರಿ ಎಂದು ಬಡಿಯುತ್ತಿದ್ದ. ಆದರೆ ಹಿತ್ತಲಿನ ಬಟ್ಟೆ ಒಣಗಿಸುವ ಕಂಬಕ್ಕೆ ಹಳೆಯ ಚರ್ಮದ ಚೆಂಡು ತೂಗುಹಾಕಿಕೊಂಡು ದಿನವೂ ತಲೆಯಿಂದ ಹೊಡೆಯುತ್ತಿದ್ದ. ಆ ಹೊತ್ತಿನಲ್ಲಿ ಮಾತ್ರ ಹಳೆಯ ಸ್ಯಾಂಡಿಯೇ. ಅವನಿಗೆ ಅದೊಂದು ಸಂತೋಷ ಇರಲಿ ಎಂದು ಹೆಂಡತಿ ತಡೆಯಲಿಲ್ಲ. ಕೊನೆಗೆ ಸರ್ಕಾರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ಸತ್ತ. ಕಪ್ ಗೆದ್ದಾಗ ಹೊತ್ತು ಮೆರೆಸಿದ ಊರಿನಿಂದ ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ.

"ಆ ಚೆಂಡಿನಿಂದಲೇ ಅಂತ ಆಗ ಯಾರೂ ಹೇಳಲಿಲ್ಲ. ಈಗ ಟೀವಿಯಲ್ಲಿ ಹೇಳುತ್ತಾರೆ. ನಾನು ಡಾಕ್ಟರಲ್ಲ. ಆದರೆ ಈ ಗೋಡೆಯ ಆಚೆಯಿಂದ ಆ ಸದ್ದು ಕೇಳಿ ಬೆಳೆದವಳು ನಾನು. ಅವರನ್ನು ನಿಲ್ಲಿಸು" ಎಂದಳು ಆಗ್ನೆಸ್.

ಮೇಲೆ ಹೋದಾಗ ಅಪ್ಪ ಬಟಾಣಿ ಬಿಡಿಸುತ್ತ ಕೂತಿದ್ದ. ಎದುರಿಗೆ ಕೂತೆ.

"ಅಪ್ಪಾ, ನನ್ನ ಹೆಸರು ಹೇಳು."

"ಏನಮ್ಮಾ ಇದು? ಗೋಲಿ."

"ಗೋಲಿ ಅಲ್ಲ. ನೀನೇ ಇಟ್ಟೆಯಲ್ಲ, ಆ ಹೆಸರು."

ಅಪ್ಪ ನಕ್ಕ. ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು. ಮತ್ತೊಮ್ಮೆ ನಕ್ಕ. ನನ್ನ ಮುಖವನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದ, ಫ್ರಿಜ್ಜಿನ ಮೇಲೆ ಮಗಳು ಅಂಟಿಸಿದ್ದ ಕಾಗದಗಳನ್ನು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ಆಟ ನಡೀತಿರೋವಾಗ ಯಾರಾದ್ರೂ ಹೆಸರು ಹಿಡಿದು ಕರೀತಾರೇನಮ್ಮಾ?" ಎಂದ.

ಅವನ ಕೈಯಿಂದ ತಟ್ಟೆ ತೆಗೆದುಕೊಂಡು ನಾನೇ ಬಟಾಣಿ ಬಿಡಿಸಿದೆ. ಆ ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ, ಯಾರೂ ಏನೂ ಹೇಳದೆ ತಿಂದರು.

ನರರೋಗದ ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನು, ಪ್ರಶ್ನೆಗಳು, ಗಡಿಯಾರದ ಚಿತ್ರ ಬರೆಯಿರಿ ಎನ್ನುವ ಪರೀಕ್ಷೆ. ಅಪ್ಪ ಗಡಿಯಾರದ ಬದಲು ಅಂದವಾದ ಒಂದು ಮೈದಾನ ಬರೆದುಕೊಟ್ಟ. ಎಷ್ಟು ವರ್ಷ ಆಡಿದಿರಿ, ಯಾವ ಥರದ ಚೆಂಡು, ಎಂದಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದಿರಾ ಎಂದೆಲ್ಲ ಡಾಕ್ಟರು ಕೇಳಿದರು. "ಮೆನಿ ಟೈಮ್ಸ್. ಬಟ್ ಐ ಗೆಟ್ ಅಪ್" ಎಂದು ಅಪ್ಪ ಎದೆ ಉಬ್ಬಿಸಿ ಹೇಳಿದ. ಡಾಕ್ಟರು ನನ್ನ ಕಡೆ ತಿರುಗಿ, ಚೆಂಡಿನ ಪೆಟ್ಟೇ ಕಾರಣ ಎಂದು ಬದುಕಿರುವವರ ಬಗ್ಗೆ ಖಂಡಿತ ಹೇಳಲಾಗದು, ಅದು ಸತ್ತ ಮೇಲೆ ಮೆದುಳು ಪರೀಕ್ಷಿಸಿದರೆ ಮಾತ್ರ ತಿಳಿಯುವುದು, ಹೋದದ್ದು ಹಿಂದಕ್ಕೆ ಬರುವುದಿಲ್ಲ, ಇನ್ನು ತಲೆಗೆ ಏನೂ ತಗುಲಬಾರದು, ಎಂದರು. ವಾಪಸು ಬರುವಾಗ ಟರ್ನ್‌ಪೈಕ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡೆವು. ಅಪ್ಪ ಹಿಂದಿನ ಸೀಟಿನಿಂದ, "ಭಾನುವಾರ ಎಷ್ಟು ಗಂಟೆಗಮ್ಮಾ ಮ್ಯಾಚು?" ಎಂದು ಕೇಳುತ್ತಲೇ ಇದ್ದ.

ಮನೆಯಲ್ಲಿ ಜಗಳವಾಯಿತು. ಸುಧೀರ ಧಾರವಾಡದವನು. ಅವನಿಗೆ ಮಾವನೆಂದರೆ ಪ್ರಾಣ.

"ಒಂದ್ ಸಲ ಹೊಡೀಲಿ ಬಿಡು. ಹಗೂರ ಚೆಂಡದ, ಮಕ್ಕಳಾಡೂದು. ಏನಾಗ್ತದ ಅದರಿಂದ? ಮಾವಗ ಅದೊಂದ ಉಳದದ" ಎಂದ.

"ಡಾಕ್ಟ್ರು ಹೇಳಿದ್ದು ನಿನಗೆ ಕೇಳಿಸ್ಲಿಲ್ವಾ? ಇರೋದನ್ನಾದ್ರೂ ಉಳಿಸ್ಕೋಬೇಕಲ್ಲ ಸುಧೀರ?"

"ಉಳಿಸಿ ಏನ್ ಮಾಡಾಕಿ? ಶೋಕೇಸಿನ್ಯಾಗ ಇಡಾಕಿ?"

ಅಪ್ಪ ಕೋಣೆಯಿಂದ ಕೇಳಿಸಿಕೊಂಡಿದ್ದ. ಹೊರಗೆ ಬಂದು ನನ್ನ ಮುಂದೆ ನಿಂತ. "ಇದೊಂದು ಆಡ್ಸಿಬಿಡಮ್ಮ. ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ. ಕೂತ್ಕೋ ಅಂದ್ರೆ ಕೂತ್ಕೋತೀನಿ" ಎಂದ. ನಾನು ಬೇಡವೆಂದೆ. ಬದಲಿಗೆ ಮನುಯೆಲ್‌ಗೆ ಫೋನ್ ಮಾಡಿ, ಅಪ್ಪನಿಗೆ ಚೆಂಡು ಎಸೆಯಬೇಡಿ, ಕಾಲಿನಿಂದ ಒದೆಯಲಿ, ಗೌರವ ಗೌರವವೇ ಎಂದು ಒಪ್ಪಿಸಿದೆ. ಎರಡೂ ಕಡೆ ಸರಿದೂಗಿಸಿದೆ ಎಂದುಕೊಂಡೆ.

ಭಾನುವಾರ ಮೋಡ ಕವಿದಿತ್ತು, ನದಿಯ ಕಡೆಯಿಂದ ಚಳಿಗಾಳಿ. ಆಗ್ನೆಸ್ ಕೋಟು, ಮಫ್ಲರ್ ಸುತ್ತಿಕೊಂಡು ನಮ್ಮ ಜೊತೆಯೇ ಬಂದಿದ್ದಳು. ಮನುಯೆಲ್ ಅಪ್ಪನ ಕೈಹಿಡಿದು ನಡುಮೈದಾನಕ್ಕೆ ನಡೆಸಿಕೊಂಡು ಹೋದ. ಮುದುಕರೆಲ್ಲ ಟೋಪಿ ತೆಗೆದು ಚಪ್ಪಾಳೆ ತಟ್ಟಿದರು. ಅಪ್ಪ ಕೂದಲು ಹಿಂದಕ್ಕೆ ಒತ್ತಿಕೊಂಡ, ಕಾಲು ಅಗಲಿಸಿ ನಿಂತ, ಗದ್ದ ಒಳಗೆಳೆದುಕೊಂಡು ಆಕಾಶ ನೋಡಿದ. ಎಪ್ಪತ್ತು ದಾಟಿದ ಅಪ್ಪ ಹೋಗಿ ಅಮ್ಮನ ತೊಡೆಯ ಮೇಲಿಂದ ಕಂಡ ಅಪ್ಪನೇ ಅಲ್ಲಿ ನಿಂತಿದ್ದ. ಮನುಯೆಲ್ ಚೆಂಡನ್ನು ಅವನ ಕಾಲ ಬುಡದಲ್ಲಿ ಇಟ್ಟ.

ಅಪ್ಪ ಕೆಳಗೆ ನೋಡಿದ. "ಹೈ ಬಾಲ್, ಹೈ ಬಾಲ್" ಎಂದು ಕೈ ಎತ್ತಿ ತೋರಿಸಿದ. ಮನುಯೆಲ್ ಭುಜ ತಟ್ಟಿ ಏನೋ ಹೇಳಿದ. ಅಪ್ಪ ತಿರುಗಿ ನಮ್ಮ ಕಡೆ ನೋಡಿದ, ಅಷ್ಟೊಂದು ಜನರಲ್ಲಿ ನನ್ನನ್ನು ಹುಡುಕಿದ. ನಾನು ಬೇಡ ಎಂದು ತಲೆಯಾಡಿಸಿದೆ. ಅಷ್ಟೇ. ಅವನು ಚೆಂಡನ್ನು ಒದೆಯಲಿಲ್ಲ. ಎತ್ತಿ ಮನುಯೆಲ್‌ನ ಕೈಗೆ ಕೊಟ್ಟು, ಗೆರೆಯ ಆಚೆಗೆ ನಡೆದು ಬಂದು, ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚಿದ. ಎರಡೂ ಬೂಟಿನ ದಾರವನ್ನು ಒಂದಕ್ಕೊಂದು ಗಂಟು ಹಾಕಿ ಸುಧೀರನ ಕೈಗೆ ಕೊಟ್ಟ. ಹಿಂದೆ ಮುದುಕರ ಆಟ ಶುರುವಾಯಿತು.

ಕಾರಿನಲ್ಲಿ ಕೂತ ಮೇಲೆ ಅಪ್ಪ, "ನನ್ನ ಟೀಮಿಂದ ಡ್ರಾಪ್ ಮಾಡಿದ್ರು" ಎಂದ.

"ಯಾರೂ ಡ್ರಾಪ್ ಮಾಡಿಲ್ಲ ಮಾವಾ" ಎಂದ ಸುಧೀರ.

"ಮಾಡಿದ್ರು. ನಂಗೊತ್ತು."

ಕಾರ್ಖಾನೆಯ ದಿನಗಳಲ್ಲಿ ಆ ಮಾತಿಗೆ ಏನು ಅರ್ಥವಿತ್ತೆಂದು ಅಮ್ಮ ನನಗೆ ಹೇಳಿದ್ದು ನೆನಪಿದೆ. ಅಪ್ಪ ಬಹಳ ವರ್ಷ ಟೆಂಪರರಿಯಾಗಿಯೇ ಇದ್ದ. ಟೀಮಿನಲ್ಲಿ ಹೆಸರಿದ್ದರೆ ಕೆಲಸ, ಕೆಲಸವಿದ್ದರೆ ಕ್ವಾರ್ಟರ್ಸು. ಸೀಸನ್ ಮುಗಿದ ಮೇಲೆ ಸ್ಪೋರ್ಟ್ಸ್ ಆಫೀಸರು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಮಂಡಿ ಊದಿದ್ದರೂ, ತಲೆಸುತ್ತಿ ವಾಂತಿಯಾದರೂ ಅಪ್ಪ ಯಾರಿಗೂ ಹೇಳದೆ ಆಡಿದ್ದು ಆ ಕೋಣೆಯ ಭಯಕ್ಕೆ. ಕಾಯಂ ಆದ ದಿನ ಕ್ವಾರ್ಟರ್ಸಿನ ಇಡೀ ಲೈನಿಗೆ ಮೈಸೂರುಪಾಕು ಹಂಚಿದನಂತೆ. ಈಗ ನಾನು ಒಂದು ಸಲ ತಲೆಯಾಡಿಸಿದ್ದಕ್ಕೆ ಅವನು ನೇರ ಆ ಕೋಣೆಯ ಬಾಗಿಲಿಗೆ ಹೋಗಿ ನಿಂತಿದ್ದ. ಮತ್ತೆ ಅಲ್ಲಿಂದ ಈಚೆಗೆ ಬರಲಿಲ್ಲ.

ಡಿಸೆಂಬರಿನಲ್ಲಿ ಗೋಲಿ, ಲೆಫ್ಟ್ ಔಟು, ರೈಟ್ ಬ್ಯಾಕು ಎಲ್ಲ ನಿಂತವು. ಮಗಳು ಎದುರಿಗೆ ಹೋಗಿ, "ತಾತ, ಇಟ್ಸ್ ಮಿ, ಲೆಫ್ಟ್ ಔಟ್" ಎಂದರೆ ಎದ್ದು ನಿಂತು ಅವಳಿಗೆ ಜಾಗ ಬಿಡುತ್ತಿದ್ದ. ಊಟ ಕಡಿಮೆಯಾಯಿತು. ಬೆಳಿಗ್ಗೆ ಶರ್ಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಹಜಾರದ ಕುರ್ಚಿಯ ತುದಿಯಲ್ಲಿ ಕೂರುವುದು, ಒಳಗಿನಿಂದ ಯಾರೋ ಕರೆಯುತ್ತಾರೆಂದು ಕಾಯುವುದು.

ಹಿಮ ಬಿದ್ದ ಒಂದು ಬೆಳಿಗ್ಗೆ ಅದು ಕರಗಲೆಂದು ಮೆಟ್ಟಿಲಿಗೆ ಉಪ್ಪು ಹಾಕುತ್ತಿದ್ದಾಗ ಆಗ್ನೆಸ್ ಬಾಗಿಲಿಗೆ ಬಂದಳು. ನಾನು ಸಿಟ್ಟು ತಡೆಯಲಾರದೆ ಕೇಳಿಬಿಟ್ಟೆ, "ನಿಲ್ಲಿಸು ಅಂದಿರಿ. ನಿಲ್ಲಿಸಿದೆ. ನೋಡಿ ಈಗ."

"ನಾನೂ ಅಮ್ಮನೂ ನಿಲ್ಲಿಸಲಿಲ್ಲ" ಎಂದಳು ಆಗ್ನೆಸ್. "ನಿಲ್ಲಿಸಿದ್ದರೆ ನನ್ನಪ್ಪ ನನಗೆ ಉಳಿಯುತ್ತಿದ್ದ ಅಂತ ಅರವತ್ತು ವರ್ಷ ಅಂದುಕೊಂಡು ಬದುಕಿದೆ. ಆ ದಾರಿಯೂ ಇರಲಿಲ್ಲ ಅಂತ ಈಗ ಗೊತ್ತಾಯಿತು." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಉಳಿದ ಮೆಟ್ಟಿಲಿಗೆ ಉಪ್ಪು ಹಾಕಿ ಮುಗಿಸಿದೆ.

ಜನವರಿಯ ಒಂದು ಶನಿವಾರ, ಮಧ್ಯಾಹ್ನದ ಹೊತ್ತು. ಲ್ಯಾಪ್‌ಟಾಪ್ ತೆರೆದುಕೊಂಡು ಆಫೀಸಿನ ಕೆಲಸ ಮಾಡುತ್ತ ಊಟದ ಮೇಜಿನ ಮುಂದೆ ಕೂತಿದ್ದೆ. ಅಪ್ಪ ಬಂದು ಮೇಜಿನ ಆಚೆ ನಿಂತ. ಕೂತ್ಕೋ ಎಂದರೆ ಕೂರಲಿಲ್ಲ. ಕೈಯೆರಡನ್ನೂ ಮುಂದೆ ಕಟ್ಟಿಕೊಂಡಿದ್ದ.

"ಸಾರ್, ಒಂದು ಮಾತು."

ನಾನು ತಲೆಯೆತ್ತಿದೆ.

"ಇನ್ನೊಂದು ಸೀಸನ್ ಚಾನ್ಸ್ ಕೊಡಿ ಸಾರ್. ತಲೆ ಸರಿಯಾಗಿದೆ ನಂಗೆ. ಏನೂ ಆಗಿಲ್ಲ. ಬೇಕಾದ್ರೆ ಟೆಸ್ಟ್ ಮಾಡಿ. ಎಷ್ಟು ಎತ್ತರದ ಬಾಲ್ ಆದ್ರೂ ತೊಗೋತೀನಿ. ಕೆಲಸ ಒಂದು ತೆಗೀಬೇಡಿ ಸಾರ್. ಮನೇಲಿ ಮಗಳಿದ್ದಾಳೆ. ಇನ್ನೂ ಚಿಕ್ಕವಳು."

ಕೇಳಬಾರದಿತ್ತೇನೋ, ಕೇಳಿದೆ. "ಮಗಳ ಹೆಸರೇನು?"

"ಶೈಲಜಾ ಅಂತ ಸಾರ್" ಎಂದ ಅಪ್ಪ. ಒಂದು ಕ್ಷಣವೂ ತಡವರಿಸಲಿಲ್ಲ. "ಶೈಲಜಾ. ನಾನೇ ಇಟ್ಟಿದ್ದು. ತುಂಬಾ ಚುರುಕು ಸಾರ್ ಅವಳು. ಓದಿಸ್ಬೇಕು ಅವಳನ್ನ."

ಎದ್ದು ಹೋಗಿ ಅವನ ಕೈ ಹಿಡಿದುಕೊಂಡೆ. ಆಫೀಸರು ಕೈ ಹಿಡಿದದ್ದಕ್ಕೆ ಅವನು ಇನ್ನಷ್ಟು ಕುಗ್ಗಿದ.

"ಕೆಲಸ ಎಲ್ಲೂ ಹೋಗಲ್ಲ ರಂಗನಾಥ್. ಮುಂದಿನ ಶನಿವಾರ ನೀವೇ ಆಡ್ತೀರಿ" ಎಂದೆ.

ಅಪ್ಪ ನನ್ನ ಮುಖವನ್ನು ಚೆನ್ನಾಗಿ ನೋಡಿದ. ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಎಲ್ಲಾ ಆಫೀಸರ್‌ಗಳೂ ಹಾಗೇ ಹೇಳ್ತಾರೆ ಸಾರ್" ಎಂದ.